ನಿನಗೆ ಟಿಪ್ಸ್ ಬರುತ್ತಲ್ಲ!

ಈದ್ ಆದ ಮೂರನೇ ದಿನ ಚಾಚಾ ನಮ್ಮನ್ನೆಲ್ಲ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಬಿಲ್ಲು 940 ರೂಪಾಯಿ ಆಯಿತು. ಚಾಚಾ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬಿಡಲಿಲ್ಲ. ಬಡಿಸಿದ ಸಪ್ಲೈಯರ್ ಹುಡುಗನನ್ನು ಹತ್ತಿರ ಕರೆದು ನೂರರ ನೋಟನ್ನು ಕೈಗೇ ಕೊಟ್ಟರು. ಅಬ್ಬಾಗೆ ಇದು ಸರಿಬರಲಿಲ್ಲ. "ಏನೋ ಇದು ನವಾಬಗಿರಿ? ಇಪ್ಪತ್ತು ರೂಪಾಯಿ ಸಾಕಾಗ್ತಿತ್ತು" ಎಂದರು. ಚಾಚಾ ನಕ್ಕು ಸುಮ್ಮನಾದರು.

ಆ ನೂರು ರೂಪಾಯಿ ನವಾಬಗಿರಿ ಅಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಾಚಾ ಶಾರ್ಜಾದಲ್ಲಿ 11 ವರ್ಷ ಒಂದು ಕೆಫೆಟೇರಿಯಾದಲ್ಲಿ ಕೆಲಸ ಮಾಡಿದರು. ಅಲ್ಲಿ ಕೆಫೆಟೇರಿಯಾ ಎಂದರೆ ನಮ್ಮ ಕಾಲೇಜಿನ ಕ್ಯಾಂಟೀನಿನಂತೆ ಅಲ್ಲ, ರಸ್ತೆ ಪಕ್ಕದ ಸಣ್ಣ ಚಹಾ ಅಂಗಡಿ. ಗಿರಾಕಿಗಳು ಕಾರಿನಿಂದ ಇಳಿಯುವುದೇ ಇಲ್ಲ. ಹಾರನ್ ಹೊಡೆಯುತ್ತಾರೆ. ಒಳಗಿನಿಂದ ಹುಡುಗ ಓಡಿ ಬಂದು ಏನು ಬೇಕೆಂದು ಕೇಳಿ, ಮತ್ತೆ ಓಡಿಹೋಗಿ ಕರಕ್ ಚಹಾ ತಂದು ಕಿಟಕಿಯಲ್ಲಿ ಕೊಡಬೇಕು. ಜುಲೈ, ಆಗಸ್ಟಿನಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲಲ್ಲೂ ಅದೇ ಓಟ. ಕೆಲವರು ಉಳಿದ ಒಂದು ದಿರ್ಹಮ್ ನಾಣ್ಯವನ್ನು "ಇಟ್ಟುಕೋ" ಎಂದು ಬಿಡುತ್ತಾರೆ, ಕೆಲವರು ಗಾಜು ಏರಿಸಿಕೊಂಡು ಹೋಗುತ್ತಾರೆ. ಆ ನಾಣ್ಯಗಳೆಲ್ಲ ಹಾಲಿನ ಪುಡಿಯ ಒಂದು ಖಾಲಿ ಡಬ್ಬಕ್ಕೆ ಬೀಳುತ್ತಿದ್ದವು. ರಾತ್ರಿ ಒಂದು ಗಂಟೆಗೆ ಶಟರ್ ಎಳೆದ ಮೇಲೆ ನಾಲ್ಕು ಹುಡುಗರು ಡಬ್ಬ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದರಂತೆ. ಚಾಚಾ ಪಾಲಿಗೆ ತಿಂಗಳಿಗೆ ಹೆಚ್ಚುಕಡಿಮೆ 500 ದಿರ್ಹಮ್ ಬರುತ್ತಿತ್ತು. ಸಂಬಳ ದಾದಿಯ ಔಷಧಿಗೂ ಮನೆ ಸಾಲಕ್ಕೂ ಹೋಗುತ್ತಿತ್ತು. ನನ್ನ ಹೈಸ್ಕೂಲ್ ಫೀಸು ಆ ಡಬ್ಬದ ದುಡ್ಡು.

ಇದು ಗೊತ್ತಿದ್ದೂ ಹತ್ತನೇ ತರಗತಿಯಲ್ಲಿ ಗೆಳೆಯರು ಕೇಳಿದಾಗ, ಚಾಚಾ ದುಬೈನಲ್ಲಿ "ಹೋಟೆಲ್ ಮ್ಯಾನೇಜ್‌ಮೆಂಟ್"ನಲ್ಲಿದ್ದಾರೆ ಎಂದಿದ್ದೆ. ಶಾರ್ಜಾ ಕೂಡ ದುಬೈ ಆಗಿಬಿಟ್ಟಿತ್ತು! ಬಕ್ಷೀಸು ಎಂಬ ಪದವೇ ನಾಚಿಕೆ ಹುಟ್ಟಿಸುತ್ತಿತ್ತು. ಪಾರಸಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದ ಪದ ಅದು, ಮೂಲ ಅರ್ಥ ಕೊಡುವುದು ಎಂದಷ್ಟೇ. ನಮ್ಮ ಮನೆಯಲ್ಲಿ 'ಬಖ್ಶ್ ದೇನಾ' ಎಂದರೆ ಕ್ಷಮಿಸಿಬಿಡುವುದು ಕೂಡ. ಆದರೆ ಕೇಳುವವರ ಕಿವಿಗೆ ಅದು ಕೈಚಾಚಿದ ಹಾಗೆ ಕೇಳಿಸುತ್ತದೆ.

ನನ್ನ ಯೋಚನೆ ಬದಲಾದದ್ದು ಚಾಚಾ ಹೇಳಿದ ಒಂದು ಮಾತಿನಿಂದ. ಐದು ವರ್ಷ ಆದ ಮೇಲೆ ಅವರು ಮಾಲೀಕರ ಬಳಿ ಸಂಬಳ ಹೆಚ್ಚಿಸಿ ಎಂದು ಕೇಳಿದರಂತೆ. ಬಂದ ಉತ್ತರ: "ನಿನಗೆ ಟಿಪ್ಸ್ ಬರುತ್ತಲ್ಲ!" ಎಂಟು ವರ್ಷಕ್ಕೆ ಮತ್ತೆ ಕೇಳಿದರು. ಅದೇ ಉತ್ತರ. ಗಿರಾಕಿ ಹುಡುಗನ ಓಟ ನೋಡಿ ಪ್ರೀತಿಯಿಂದ ಕೊಟ್ಟ ನಾಣ್ಯವನ್ನು ಮಾಲೀಕರು ತಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದರು.

ಇದು ಒಂದು ಅಂಗಡಿಯ ಕತೆಯಲ್ಲ. ಅಮೆರಿಕದಲ್ಲಿ ಇದೇ ಮಾತು ಕಾನೂನಾಗಿದೆ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ 2.13 ಡಾಲರ್ ಕೊಟ್ಟರೆ ಸಾಕು, ಈ ದರ 1991ರಿಂದ ಬದಲಾಗಿಲ್ಲ. ಉಳಿದ 5.12 ಡಾಲರ್ ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲೀಕ ಸೇರಿಸಬೇಕು. ಇದರ ಹೆಸರು 'ಟಿಪ್ ಕ್ರೆಡಿಟ್'. ಅಕೌಂಟೆನ್ಸಿ ಓದುವ ನಾವು ಕೇಳಬೇಕಾದ್ದು, ಕ್ರೆಡಿಟ್ ಯಾರಿಗೆ? ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಇದನ್ನು ಒಪ್ಪುವುದಿಲ್ಲ, ಅಲ್ಲಿ ಟಿಪ್ಸ್ ಬಿಟ್ಟು ಪೂರ್ತಿ ಕೂಲಿ ಕೊಡಬೇಕು. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್‌ನವರು ಅಮೆರಿಕದ ಹೋಟೆಲಲ್ಲಿ ಬಿಲ್ಲಿನ ಮೇಲೆ ಶೇ. 15ರಿಂದ 20 ಟಿಪ್ಸ್ ಕೊಡಬೇಕಾದಾಗ "ಇದೇನು ದರೋಡೆ" ಎನ್ನುತ್ತಾರೆ. ಅವರ ಸಿಟ್ಟು ಸರಿ, ಆದರೆ ತೋರಿಸುವ ಜಾಗ ತಪ್ಪು. ಸಿಟ್ಟಿನಲ್ಲಿ ಟಿಪ್ಸ್ ಕೊಡದೆ ಎದ್ದುಬಂದರೆ ಮಾಲೀಕನಿಗೆ ಏನೂ ಆಗುವುದಿಲ್ಲ, ತಟ್ಟೆ ತಂದವಳಿಗೆ ಆಗುತ್ತದೆ. ಅಲ್ಲಿ ಊಟದ ಬೆಲೆಯೇ ಅಷ್ಟು ಎಂದುಕೊಂಡು ಹೋಗಬೇಕು. ಜಪಾನಿನಲ್ಲಿ ಇದು ಪೂರಾ ಉಲ್ಟಾ. ಅಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ, ಕೊಟ್ಟರೆ ಮುಜುಗರಪಡುತ್ತಾರೆ.

ಬಿಲ್ಲಿನಲ್ಲೇ ಸೇರಿಸಿದರೆ ಆಗುವುದಿಲ್ಲವೇ ಎಂದು ಕೇಳಬಹುದು. ದಾದಿ ಉಮ್ರಾಕ್ಕೆ ಹೋದಾಗ ಮಕ್ಕಾದಿಂದ ಮದೀನಾಕ್ಕೆ ಹೋಗುವ ಬಸ್ಸಿನ ಡ್ರೈವರಿಗೆಂದು ತಲಾ 5 ರಿಯಾಲ್ ಕೂಡಿಸಿದ್ದರಂತೆ. ಇಬ್ಬರು "ಪ್ಯಾಕೇಜಿನಲ್ಲಿ ಎಲ್ಲ ಸೇರಿದೆಯಲ್ಲ" ಎಂದು ಕೊಡಲಿಲ್ಲ. ಬಸ್ಸಿನ ಬಾಡಿಗೆ ಸೇರಿರಬಹುದು, ಅದರಲ್ಲಿ ಡ್ರೈವರ್ ಕೈಗೆ ಎಷ್ಟು ಹೋಗುತ್ತದೆಂದು ಪ್ಯಾಕೇಜಿನ ಕಾಗದ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಗಿರಾಕಿಗಳು ಕೊಟ್ಟ ಟಿಪ್ಸ್ ಪೂರ್ತಿ ಕೆಲಸಗಾರರಿಗೇ ಸೇರಬೇಕು ಎಂದು ಕಾನೂನು ಬರಬೇಕಾಯಿತು, ಅದು ಜಾರಿಯಾದದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ದೇಶದಲ್ಲೂ ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ನನ್ನ ಮಟ್ಟಿಗೆ ಚಾಚಾ ಮಾಡಿದ್ದೇ ಸರಿ. ಕೊಡುವುದಾದರೆ ಕೈಗೆ ಕೊಡಬೇಕು.

ಆದರೆ ಕೈಗೆ ಬಂದದ್ದಕ್ಕೂ ಒಂದು ಕೊರತೆ ಇದೆ, ಅದು ನನಗೆ ಗೊತ್ತಾದದ್ದು ಚಾಚಾ ವಾಪಸ್ ಬಂದ ಮೇಲೆ. ಇಂಗ್ಲಿಷಿನಲ್ಲಿ ಟಿಪ್ಸಿಗೂ ಗ್ರಾಚ್ಯುಟಿ ಎನ್ನುತ್ತಾರೆ, ಕೆಲಸ ಬಿಡುವಾಗ ಕೊಡುವ ಹಣಕ್ಕೂ ಗ್ರಾಚ್ಯುಟಿ ಎನ್ನುತ್ತಾರೆ. ಮೊದಲನೆಯದು ಎರಡನೆಯದರ ಲೆಕ್ಕಕ್ಕೆ ಬರುವುದಿಲ್ಲ. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್ ಸಂಬಳ ಕೊಡಬೇಕು. ಭತ್ಯೆಗಳು ಸೇರುವುದಿಲ್ಲ, ಟಿಪ್ಸ್ ಅಂತೂ ಇಲ್ಲವೇ ಇಲ್ಲ. ಚಾಚಾರ ಬೇಸಿಕ್ 800 ದಿರ್ಹಮ್. 11 ವರ್ಷಕ್ಕೆ 285 ದಿನ, ಅಂದರೆ ಒಂಬತ್ತೂವರೆ ತಿಂಗಳು: 7,600 ದಿರ್ಹಮ್. ಟಿಪ್ಸಿನ ಬದಲು ಆ 500 ಸಂಬಳದಲ್ಲೇ ಬಂದಿದ್ದರೆ 12,350 ಆಗುತ್ತಿತ್ತು. ವ್ಯತ್ಯಾಸ 4,750 ದಿರ್ಹಮ್, ನಮ್ಮ ದುಡ್ಡಿನಲ್ಲಿ ಒಂದು ಲಕ್ಷಕ್ಕೂ ಮೇಲೆ. "ನಿನಗೆ ಟಿಪ್ಸ್ ಬರುತ್ತಲ್ಲ" ಎಂಬ ಮಾತಿನ ಬೆಲೆ ಇದು. ಬೆವರು ಆರುವ ಮೊದಲೇ ಕೂಲಿ ಕೊಡಬೇಕು ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅಲ್ಲಿ ಹೇಳಿರುವುದು ಕೆಲಸ ಮಾಡಿಸಿಕೊಂಡವನು ಕೊಡಬೇಕಾದ ಕೂಲಿಯ ಬಗ್ಗೆ, ದಾರಿಯಲ್ಲಿ ಹೋಗುವವನ ಖುಷಿಯ ಬಗ್ಗೆ ಅಲ್ಲ.

ನಮ್ಮ ಕಾಲೇಜಿನಲ್ಲಿ ಪ್ರತಿ ಬೆಂಚಿನಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಅಣ್ಣನೋ ಮಾಮುವೋ ಇರುವವರು ಸಿಗುತ್ತಾರೆ. ಬಿ.ಕಾಂ. ಮುಗಿಸಿ ಹೋಗುವ ಆಸೆ ಇರುವವರೂ ಕಡಿಮೆಯಿಲ್ಲ. ಅವರಲ್ಲಿ ನನ್ನದೊಂದು ವಿನಂತಿ. ಆಫರ್ ಲೆಟರ್ ಬಂದಾಗ ಕೆಳಗಿನ ಒಟ್ಟು ಮೊತ್ತ ಮಾತ್ರ ನೋಡಬೇಡಿ, ಬೇಸಿಕ್ ಎಷ್ಟು ಎಂದು ನೋಡಿ. "ಸಂಬಳ ಇಷ್ಟು, ಮೇಲೆ ಟಿಪ್ಸ್ ಚೆನ್ನಾಗಿ ಬರುತ್ತೆ" ಎಂದು ಏಜೆಂಟ್ ಹೇಳಿದರೆ ಆ ಟಿಪ್ಸನ್ನು ಸೊನ್ನೆ ಎಂದು ಬರೆದುಕೊಂಡು ಲೆಕ್ಕ ಹಾಕಿ. ನೀವು ದೊಡ್ಡ ಹುದ್ದೆಯಲ್ಲಿ ಎಸಿ ಕಾರಿನೊಳಗೆ ಕುಳಿತು ಹಾರನ್ ಹೊಡೆಯುವವರಾದರೆ, ಚಿಲ್ಲರೆ ವಾಪಸ್ ಕೇಳಬೇಡಿ.

ಮೇಲಿನ ಲೆಕ್ಕವನ್ನು ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮಾಡಿ ಚಾಚಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ನೋಟ್‌ಬುಕ್ ಮುಚ್ಚಿ ಕೊಟ್ಟು, "ಸರಿಯಾಗಿದೆ ಬೇಟಾ. ನಿನ್ನ ದಾದಿಗೆ ಮಾತ್ರ ತೋರಿಸಬೇಡ" ಎಂದರು.