ದಾಖಲೆಯ ಜತೆಗೆ ಉಳಿದ ಪ್ರಶ್ನೆ

2024ರ ಅಕ್ಟೋಬರಿನಲ್ಲಿ ಕೀನ್ಯಾದ ರೂತ್ ಚೆಪ್‌ಗೆಟಿಚ್ ಷಿಕಾಗೊ ಮ್ಯಾರಥಾನನ್ನು 2 ಗಂಟೆ 9 ನಿಮಿಷ 56 ಸೆಕೆಂಡುಗಳಲ್ಲಿ ಮುಗಿಸಿದರು. ಮಹಿಳೆಯರ ಹಿಂದಿನ ವಿಶ್ವದಾಖಲೆಗಿಂತ ಸುಮಾರು ಎರಡು ನಿಮಿಷ ಕಡಿಮೆ. ಜನ ಇದನ್ನು ಅನುಮಾನಿಸಿದರೆ ಏನನ್ನುವಿರಿ ಎಂದು ವರದಿಗಾರರೊಬ್ಬರು ಆಗಲೇ ಕೇಳಿಬಿಟ್ಟರು. ಗೆದ್ದವರ ಮುಂದೆ ಆಡುವ ಮಾತೇ ಇದು ಎಂದು ಸಿಡುಕಿದವರಲ್ಲಿ ನಾನೂ ಒಬ್ಬ.

2025ರ ಮಾರ್ಚ್ 14ರಂದು ಪಡೆದ ಆಕೆಯ ಮೂತ್ರದ ಮಾದರಿಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಪತ್ತೆಯಾಯಿತು. ನಮ್ಮಲ್ಲಿ ಎಷ್ಟೋ ಮಂದಿ ರಕ್ತದೊತ್ತಡಕ್ಕೆ ನುಂಗುವ ಮದ್ದು ಅದು. ಮೂತ್ರವನ್ನು ತೆಳುವಾಗಿಸಿ ಬೇರೆ ಉದ್ದೀಪನ ಮದ್ದಿನ ಜಾಡನ್ನು ಮರೆಮಾಚಬಲ್ಲದಾದ್ದರಿಂದ ಕ್ರೀಡಾಪಟುಗಳಿಗೆ ನಿಷಿದ್ಧ. ಮನೆಗೆಲಸದಾಕೆಯ ಮಾತ್ರೆ ನುಂಗಿದ್ದೆ ಎಂಬ ಸಮಜಾಯಿಷಿ ಫಲಿಸಲಿಲ್ಲ. ಅಕ್ಟೋಬರಿನಲ್ಲಿ ಮೂರು ವರ್ಷಗಳ ನಿಷೇಧ ಬಂತು.

ಆದರೆ ಮಾರ್ಚ್ 14ಕ್ಕೆ ಹಿಂದಿನ ಫಲಿತಾಂಶಗಳು ರದ್ದಾಗಲಿಲ್ಲ. ಷಿಕಾಗೊ ದಾಖಲೆಯೂ ಉಳಿಯಿತು. ನಿಯಮದ ಪ್ರಕಾರ ಇದು ನ್ಯಾಯವೇ. ಐದು ತಿಂಗಳ ನಂತರದ ಮಾದರಿ ಅಂದಿನ ಓಟಕ್ಕೆ ಸಾಕ್ಷಿಯಾಗಲಾರದು. ಹಾಗಾದರೆ ಅಂದು ಏಳು ನಿಮಿಷಕ್ಕೂ ಹೆಚ್ಚು ಹಿಂದುಳಿದು ಎರಡನೆಯವರಾದ ಇಥಿಯೋಪಿಯಾದ ಸುಟುಮೆ ಕೆಬೆಡೆ ಅವರಿಗೆ ಏನೆಂದು ಸಮಾಧಾನ ಹೇಳುವುದು? ಮಾದರಿಗಳನ್ನು 10 ವರ್ಷ ಕಾಯ್ದಿಟ್ಟು ಮತ್ತೆ ಪರೀಕ್ಷಿಸಲು ನಿಯಮಗಳಲ್ಲಿ ಅವಕಾಶವಿದೆ. ವಿಶ್ವದಾಖಲೆಗಳ ಮಟ್ಟಿಗಾದರೂ ಅದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಆ ವರದಿಗಾರರ ಪ್ರಶ್ನೆಯನ್ನು ಅವಿನಯವೆಂದು ತಳ್ಳಿಹಾಕಲು ನನಗಂತೂ ಬಾಯಿಲ್ಲ.