ಸೂರ್ಯನಿಗೆ ಕೈಚಾಚಿದ ಮಾರುತಿ

2005ರ ದೀಪಾವಳಿಗೆ ಮುನ್ನ, ಅಕ್ಟೋಬರ್ 21ರಂದು ತೆರೆಕಂಡ ಮುಂಬೈಯ ಅನಿಮೇಷನ್ ಚಿತ್ರ ‘ಹನುಮಾನ್’. ವಿ. ಜಿ. ಸಾಮಂತ್ ನಿರ್ದೇಶನದ ಈ ಚಿತ್ರಕ್ಕೆ ಆಧಾರವಾದ ಕಥೆಯಲ್ಲಿ ಬಾಲ ಮಾರುತಿ ಯಾರಿಗೂ ಕೇಡು ಬಯಸುವವನಲ್ಲ. ಹಸಿವಾಯಿತು, ಕೆಂಪು ಸೂರ್ಯ ಹಣ್ಣಿನಂತೆ ಕಂಡ, ಹಾರಿದ. ಇಂದ್ರನ ವಜ್ರಾಯುಧ ದವಡೆಗೆ ಬಡಿಯಿತು. ಮಗ ಬಿದ್ದ ಸಿಟ್ಟಿಗೆ ತಂದೆ ವಾಯು ತನ್ನ ಸಂಚಾರ ನಿಲ್ಲಿಸಿದಾಗ ಲೋಕವೇ ಉಸಿರುಗಟ್ಟಿತು. ಇಂಥ ದುಡುಕು ಮಕ್ಕಳ ಚಿತ್ರಗಳಲ್ಲಿ ಬೇಡವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಅವರ ಆತಂಕಕ್ಕೆ ಕಾರಣವಿದೆ, ನಿಜ. 1997ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಶಕ್ತಿಮಾನ್’ ಧಾರಾವಾಹಿಯ ನಾಯಕ ಬಂದು ಕಾಪಾಡುತ್ತಾನೆಂದು ನಂಬಿದ ಮಕ್ಕಳು ಅಪಾಯ ತಂದುಕೊಂಡರೆಂಬ ವರದಿಗಳು ಬಂದಿದ್ದವು. ಆ ಪಾತ್ರ ಮಾಡಿದ ಮುಕೇಶ್ ಖನ್ನಾ ಪರದೆಯ ಮೇಲೆಯೇ ಎಚ್ಚರಿಕೆ ಹೇಳಬೇಕಾಯಿತು. ಆದರೆ ಶಕ್ತಿಮಾನ್ ಸದಾ ಗೆಲ್ಲುವ ರಕ್ಷಕ. ಮಾರುತಿ ಬಿದ್ದು ಪೆಟ್ಟು ತಿನ್ನುವ ಮಗು. ಯಜ್ಞದ ಸೌಟು ಮುರಿದು, ನಾರುಬಟ್ಟೆ ಹರಿದು ಆಶ್ರಮವನ್ನೇ ಗೋಳುಹೊಯ್ದುಕೊಂಡವನಿಗೆ ಋಷಿಗಳು ಕೊಟ್ಟ ಶಾಪವನ್ನು ಗಮನಿಸಿ: ಶಕ್ತಿಯನ್ನು ಕಿತ್ತುಕೊಳ್ಳದೆ ಮರೆಸಿದರು, ಯಾರಾದರೂ ನೆನಪಿಸುವವರೆಗೆ. ಎಷ್ಟು ತಾಳ್ಮೆಯ ಶಿಕ್ಷೆ! ಕಡಲ ದಂಡೆಯಲ್ಲಿ ಜಾಂಬವಂತ ನೆನಪಿಸುವಾಗ ಆ ಬಲಕ್ಕೆ ತಕ್ಕ ಕೆಲಸವೂ ಕಾದಿತ್ತು. ರಜೆಗೆಂದು ಇಂಥ ಚಿತ್ರ ಮಾಡುವ ಮುಂಬೈಯ ಸ್ಟುಡಿಯೋಗಳು ಗಾಳಿ ನಿಂತ ಆ ಗಳಿಗೆಗೂ ಹಾರಾಟದಷ್ಟೇ ಸಮಯ ಕೊಡಲಿ.