ಹುದ್ದೆಯೇ ಇಲ್ಲದ ಮೇಲೆ ವೃತ್ತಿ ಅವಕಾಶ ಎಲ್ಲಿಯದು?

ಪುಟ್ಟ ಮಕ್ಕಳಿಗೆ ಕಲಿಸುವ ಕ್ಷೇತ್ರದಲ್ಲಿ ದೇಶದ ತುಂಬ ಉದ್ಯೋಗಾವಕಾಶ ತೆರೆದಿದೆಯಂತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗಿನಿಂದ ಈ ಮಾತನ್ನು ಹೇಳದ ಭಾಷಣವಿಲ್ಲ. ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯೇ ಇಡೀ ಶಿಕ್ಷಣದ ಬುನಾದಿ, ಅದಕ್ಕೆ ಲಕ್ಷಾಂತರ ತರಬೇತಾದ ಕೈಗಳು ಬೇಕು, ಆದ್ದರಿಂದ ಹೆಣ್ಣುಮಕ್ಕಳು ನರ್ಸರಿ ಟೀಚರ್ ತರಬೇತಿ ಪಡೆದು ಮುಂದೆ ಬರಬೇಕು ಎಂದು ಬೀದರ್, ಭಾಲ್ಕಿ, ಔರಾದ್‌ನ ಪದವೀಧರೆಯರಿಗೂ ಉಪದೇಶ ನಡೆದಿದೆ. ಬುನಾದಿಯ ಮಾತು ನಿಜ. ಅವಕಾಶದ ಮಾತು ಮಾತ್ರ ಶುದ್ಧ ಸುಳ್ಳು. ಈ ವಯಸ್ಸಿನ ಮಕ್ಕಳಿಗಾಗಿ ಅತಿ ಹೆಚ್ಚು ಜನರನ್ನು ದುಡಿಸಿಕೊಳ್ಳುತ್ತಿರುವುದು ಯಾವ ಖಾಸಗಿ ಕಂಪನಿಯೂ ಅಲ್ಲ, ಸರ್ಕಾರವೇ. ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ, ಕರ್ನಾಟಕದಲ್ಲೇ 65 ಸಾವಿರಕ್ಕೂ ಹೆಚ್ಚು. ಅಲ್ಲಿನ ಕಾರ್ಯಕರ್ತೆಗೆ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಗೌರವಧನ ತಿಂಗಳಿಗೆ 4,500 ರೂಪಾಯಿ. ಅದರಲ್ಲೂ ಕೇಂದ್ರದ ಪಾಲು ಶೇ 60. ಎಂದರೆ ತಿಂಗಳಿಗೆ 2,700 ರೂಪಾಯಿ, ದಿನಕ್ಕೆ 90 ರೂಪಾಯಿ. ದೇಶದ ಬುನಾದಿ ಕಟ್ಟುವವಳಿಗೆ ದೇಶ ಕೊಡುವ ಕೂಲಿ ಇಷ್ಟು.

ಈ ದರ ಜಾರಿಯಾದದ್ದು 2018ರ ಅಕ್ಟೋಬರ್ 1ರಂದು. ಏಳು ವರ್ಷ ಕಳೆದರೂ ಅದು ಒಂದು ರೂಪಾಯಿಯಷ್ಟೂ ಮೇಲೇರಲಿಲ್ಲ. ಇದೇ ಏಳು ವರ್ಷಗಳಲ್ಲಿ ಕೇಂದ್ರ ನೌಕರರ ತುಟ್ಟಿಭತ್ಯೆ ಶೇ 9ರಿಂದ ಶೇ 58ಕ್ಕೆ ಏರಿದೆ. ಬೆಲೆ ಏರಿಕೆ ನೌಕರರ ಮನೆಗೆ ತಟ್ಟಿದೆ ಎಂದು ಒಪ್ಪಿದ ಸರ್ಕಾರಕ್ಕೆ ಅಂಗನವಾಡಿ ಟೀಚರ್ ಮನೆಯಲ್ಲೂ ಎಣ್ಣೆ, ಬೇಳೆ ಕೊಳ್ಳುತ್ತಾರೆಂಬುದು ಹೊಳೆಯಲಿಲ್ಲ. ರಾಜ್ಯ ತನ್ನ ಪಾಲು ಸೇರಿಸಿಕೊಂಡು ಬಂದಿದೆ, 2025-26ರ ಬಜೆಟ್ಟಿನಲ್ಲೂ ಸಾವಿರ ರೂಪಾಯಿ ಹೆಚ್ಚಿಸಿತು. ಎಲ್ಲ ಕೂಡಿಸಿದರೂ ಕೈಗೆ ಬರುವುದು 12 ಸಾವಿರದ ಆಸುಪಾಸು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಇಪ್ಪತ್ತು ವರ್ಷ ಮಕ್ಕಳನ್ನು ಬೆಳೆಸಿದ ಅನುಭವಕ್ಕೂ ಗುಂಡಿ ತೋಡುವ ಕೂಲಿಗೂ ಹೆಚ್ಚುಕಡಿಮೆ ಒಂದೇ ಬೆಲೆ. ಇನ್ನೊಂದು ಕಡೆ ದೆಹಲಿ ಸರ್ಕಾರದ ಶಾಲೆಯ ನರ್ಸರಿ ಸಹಾಯಕ ಶಿಕ್ಷಕಿಯ ಮೂಲವೇತನವೇ 35,400ರಿಂದ ಶುರುವಾಗುತ್ತದೆ, ಭತ್ಯೆಗಳು ಬೇರೆ. ಅಲ್ಲಿನ ನಾಲ್ಕು ವರ್ಷದ ಮಗುವಿಗೂ ಔರಾದ್ ತಾಲ್ಲೂಕಿನ ಚಿಂತಾಕಿಯ ನಾಲ್ಕು ವರ್ಷದ ಮಗುವಿಗೂ ಬೇಕಾದ ಕಲಿಕೆಯಲ್ಲಿ ಏನು ವ್ಯತ್ಯಾಸ? ರಾಷ್ಟ್ರೀಯ ಅವಕಾಶ ಎಂಬುದು ಇರುವುದು ನಿಜವಾದರೆ ಅದು ದೆಹಲಿಯ ಗಡಿಯಲ್ಲೇ ನಿಂತುಬಿಟ್ಟಿದೆ.

ಸಂಬಳಕ್ಕಿಂತ ದೊಡ್ಡ ಅನ್ಯಾಯ ಕಾನೂನಿನಲ್ಲಿದೆ, ಮತ್ತು ಅದರ ಬೇರು ಕರ್ನಾಟಕದಲ್ಲೇ ಇದೆ. ಅಮೀರ್‌ಬಿ ಪ್ರಕರಣದಲ್ಲಿ ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿನ ತನಕ ಹೋಗಿ ವಾದಿಸಿತು. ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವೆಯ ಹುದ್ದೆಯಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಅಂದಿನಿಂದ ಯಾವ ಸರ್ಕಾರ ಬಂದರೂ ಆ ತೀರ್ಪಿನ ಹಿಂದೆ ಅಡಗಿ ಕೂರುತ್ತದೆ. 2022ರ ಏಪ್ರಿಲ್ 25ರಂದು ಅದೇ ಸುಪ್ರೀಂ ಕೋರ್ಟು ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಇವರಿಗೆ ಗ್ರಾಚ್ಯುಟಿ ಕೊಡಲೇಬೇಕು ಎಂದಿತು. ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮಿನ ಪ್ರಕಾರ ಶಾಲಾಪೂರ್ವ ಶಿಕ್ಷಣ ನಡೆಯುತ್ತಿರುವುದೂ ಅಂಗನವಾಡಿಯಲ್ಲೇ ಎಂಬುದನ್ನು ಎತ್ತಿ ಹೇಳಿತು. ನಮ್ಮ ಸರ್ಕಾರ ಗ್ರಾಚ್ಯುಟಿಗೆ ಒಪ್ಪಿದ್ದು ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ ಮೇಲೆ. ಹುದ್ದೆ ಇಲ್ಲ ಎಂಬ ಈ ಒಂದು ಮಾತು ನಮ್ಮ ಭಾಗಕ್ಕೆ ಮಾಡಿರುವ ನಷ್ಟವನ್ನು ಯಾರೂ ಲೆಕ್ಕ ಹಾಕಿಲ್ಲ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ‘ಸಿ’ ಗುಂಪಿನಲ್ಲಿ ಶೇ 80, ‘ಡಿ’ ಗುಂಪಿನಲ್ಲಿ ಶೇ 85 ಮೀಸಲಾತಿ ಇದೆ ಎಂದು ಹತ್ತು ವರ್ಷಗಳಿಂದ ಎದೆ ತಟ್ಟಿಕೊಳ್ಳುತ್ತೇವೆ. ಆ ಮೀಸಲಾತಿ ಅನ್ವಯವಾಗುವುದು ಮಂಜೂರಾದ ಹುದ್ದೆಗೆ. ಔರಾದ್ ತಾಲ್ಲೂಕಿನ ಹಳ್ಳಿ ಹಳ್ಳಿಯಲ್ಲೂ ಸ್ಥಳೀಯ ಹೆಂಗಸೇ ಮಾಡುವ, ಸರ್ಕಾರದ ದುಡ್ಡಿನಲ್ಲೇ ನಡೆಯುವ ಕೆಲಸ ಇದು. ಅದನ್ನೇ ಹುದ್ದೆಯ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ನಂಜುಂಡಪ್ಪ ಸಮಿತಿ 2002ರಲ್ಲಿ ಔರಾದನ್ನು ಅತ್ಯಂತ ಹಿಂದುಳಿದ ತಾಲ್ಲೂಕು ಎಂದಿತ್ತು. ಹಿಂದುಳಿದದ್ದಲ್ಲ, ಹಿಂದೆ ಇಟ್ಟದ್ದು.

ಅಂಗನವಾಡಿಯ ಕಲಿಕೆ ಕಳಪೆ ಎನ್ನುವ ಟೀಕಾಕಾರರು ಈ ಕೆಲಸ ಎಂಥದ್ದು ಎಂಬುದನ್ನು ಹತ್ತಿರದಿಂದ ನೋಡಿದ್ದಾರೆಯೇ? ಚಿಂತಾಕಿ ತೆಲಂಗಾಣದ ಗಡಿಗೆ ಅಂಟಿಕೊಂಡ ಹೋಬಳಿ. ಔರಾದ್ ತಾಲ್ಲೂಕಿನ ಇನ್ನೊಂದು ಮಗ್ಗುಲಿಗೆ ಮಹಾರಾಷ್ಟ್ರ. ಇಲ್ಲಿನ ಅಂಗನವಾಡಿಯ ಚಾಪೆಯ ಮೇಲೆ ಕೂತ ಮಕ್ಕಳ ಮನೆಮಾತು ಒಂದಲ್ಲ. ಮರಾಠಿ, ತೆಲುಗು, ಲಂಬಾಣಿ, ದಖನಿ ಉರ್ದು, ಬೀದರ್ ಕಡೆಯ ಕನ್ನಡ ಎಲ್ಲವೂ ಇದೆ. ‘ಚಿಲಿಪಿಲಿ’ ಪುಸ್ತಕದ ಚಟುವಟಿಕೆಯನ್ನು ಒಂದು ಮಗುವಿಗೆ ಕನ್ನಡದಲ್ಲಿ ಹೇಳಿ, ಪಕ್ಕದ ಮಗುವಿಗೆ ಅದರ ಮಾತಿನಲ್ಲೇ ಹೇಳಿ, ಮಾತೇ ಆಡದೆ ಅಳುವ ಮೂರನೆಯದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಮುಂದುವರಿಸುವವಳು ಬಹುಭಾಷಾ ಶಿಕ್ಷಕಿಯಲ್ಲದೆ ಮತ್ತಿನ್ನೇನು? ಅಷ್ಟರಲ್ಲಿ ಮಾತೃಪೂರ್ಣ ಯೋಜನೆಯ ಊಟಕ್ಕೆ ಗರ್ಭಿಣಿಯರು ಬರುತ್ತಾರೆ. ಮೊಟ್ಟೆ ಎಣಿಸಬೇಕು, ಹಾಲಿನ ಪುಡಿ ಅಳೆಯಬೇಕು, ಮಗುವನ್ನು ತೂಕಕ್ಕೆ ಹಾಕಬೇಕು. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಬಾಣಂತಿಯ ಮುಖ ಹಿಡಿಯಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಮೊಬೈಲ್ ಎತ್ತಿ ಹಿಡಿದು ಅಂಗಳದಲ್ಲಿ ಓಡಾಡಬೇಕು. ಮುಖ ಹೊಂದಲಿಲ್ಲವೆಂದು ರೇಷನ್ ನಿಂತರೆ ಬೈಗುಳವೂ ಅವಳಿಗೇ. ಚುನಾವಣೆ ಬಂದರೆ ಮತದಾರರ ಪಟ್ಟಿ, ಸಮೀಕ್ಷೆ ಬಂದರೆ ಮನೆಮನೆ. ಇದೆಲ್ಲದರ ನಡುವೆ ಕಲಿಕೆಯ ಗುಣಮಟ್ಟ ಕಡಿಮೆ ಎಂದು ದೂರುವವರಿಗೆ ನಾಚಿಕೆಯಾಗಬೇಕು.

ಆ ದೂರನ್ನೇ ಮುಂದಿಟ್ಟು 2024ರಲ್ಲಿ ಕಲ್ಯಾಣ ಕರ್ನಾಟಕದ 1,008 ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟಿತು. ನಾಲ್ಕು ದಾಟಿದ ಮಕ್ಕಳು ಶಾಲೆಗೆ, ಉಳಿದವರು ಅಂಗನವಾಡಿಗೆ. ಅಂಗನವಾಡಿ ಖಾಲಿಯಾದರೆ ಅದರ ಬಾಗಿಲು ಎಷ್ಟು ದಿನ ತೆರೆದಿರುತ್ತದೆ ಎಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಜೂನ್ ತಿಂಗಳಲ್ಲಿ ಕಾರ್ಯಕರ್ತೆಯರು ಬೀದಿಗಿಳಿದಾಗ ಅವರಿಗೆ ತಮ್ಮ ಕೆಲಸದ ಚಿಂತೆ, ಮಕ್ಕಳ ಭವಿಷ್ಯದ ಚಿಂತೆಯಿಲ್ಲ ಎಂದವರಿದ್ದಾರೆ. ಆ ಹೊಸ ತರಗತಿಗಳಿಗೆ ಸರ್ಕಾರ ಯಾರನ್ನು ತಂದಿತು, ಸ್ವಾಮಿ? ಕಾಯಂ ಶಿಕ್ಷಕಿಯರನ್ನಲ್ಲ, ಅತಿಥಿ ಶಿಕ್ಷಕಿಯರನ್ನು. ಒಬ್ಬಳಿಗೆ ಅನ್ನ ಹಾಕದ ಸರ್ಕಾರ ಅದೇ ತಟ್ಟೆಯ ಮುಂದೆ ಇನ್ನೊಬ್ಬಳನ್ನು ಕೂರಿಸಿತು. ಜಗಳ ಹೆಂಗಸರ ನಡುವೆ ಬಿತ್ತು, ಶಾಲೆಯ ಇಲಾಖೆ, ಅಂಗನವಾಡಿಯ ಇಲಾಖೆ ಎರಡೂ ದೂರ ನಿಂತು ನೋಡಿದವು. ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳು ‘ಸರ್ಕಾರಿ ಮಾಂಟೆಸ್ಸರಿ’ಗಳಾದವು. ಪ್ರಯೋಗಕ್ಕೆ ಕಲ್ಯಾಣ ಕರ್ನಾಟಕ, ಹೊಸ ಬಣ್ಣಕ್ಕೆ ರಾಜಧಾನಿ. ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ನರ್ಸುಗಳು, ಆಶಾ ಕಾರ್ಯಕರ್ತೆಯರು. ನಮ್ಮ ಭಾಗದಲ್ಲಿ ಸರ್ಕಾರ ನಡೆಯುತ್ತಿರುವುದೇ ಕಾಯಂ ಅಲ್ಲದವರ ಬೆನ್ನ ಮೇಲೆ. ಕಾಯಂ ಆಗಿ ಬಂದವರು ವರ್ಗಾವಣೆ ಪತ್ರ ಹಿಡಿದು ದಕ್ಷಿಣಕ್ಕೆ ಹೊರಡುತ್ತಾರೆ.

ಅಂಗನವಾಡಿ ಕಾರ್ಯಕರ್ತೆಯನ್ನು ಕಾಯಂ ಶಿಕ್ಷಕಿಯನ್ನಾಗಿ ಮಾಡಿ ಎಂದರೆ, ಅರ್ಹತೆ ಇಲ್ಲದವರಿಗೆ ಶಿಕ್ಷಕಿಯ ದರ್ಜೆ ಹೇಗೆ ಕೊಡುವುದು ಎಂಬುದು ಬೇಡವೆನ್ನುವವರ ಬತ್ತಳಿಕೆಯ ಮೊದಲ ಬಾಣ. ಅದಕ್ಕೆ ಉತ್ತರ ಶಿಕ್ಷಣ ನೀತಿಯಲ್ಲೇ ಬರೆದಿದೆ: ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವಳಿಗೆ ಒಂದು ವರ್ಷದ ಡಿಪ್ಲೊಮಾ. ಬಂದದ್ದೇನು? 2023ರಲ್ಲಿ ‘ಪೋಷಣ್ ಭಿ ಪಢಾಯಿ ಭಿ’ ಎಂಬ ಹೆಸರಿನಲ್ಲಿ ಮೂರು ದಿನದ ತರಬೇತಿ. ಆರು ತಿಂಗಳನ್ನು ಮೂರು ದಿನಕ್ಕೆ ಇಳಿಸಿದವರು ಅವಳ ಅರ್ಹತೆಯನ್ನು ಪ್ರಶ್ನಿಸುತ್ತಾರೆ. ಈಗಿನ ನೇಮಕಕ್ಕೆ ಪಿಯುಸಿ ಕಡ್ಡಾಯ, ಪದವಿ ಮುಗಿಸಿದವರೂ ಈ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಅವರಿಗೆ ಎರಡು ವರ್ಷದ ಮಾನ್ಯತೆ ಪಡೆದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾವನ್ನು ಕೆಲಸದಲ್ಲಿದ್ದುಕೊಂಡೇ, ಸರ್ಕಾರದ ಖರ್ಚಿನಲ್ಲಿ, ಬೀದರ್‌ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮೂಲಕ ಕೊಡಿಸಲು ಯಾರು ಅಡ್ಡ ಬಂದಿದ್ದಾರೆ? ಆ ಡಿಪ್ಲೊಮಾ ಕೈಯಲ್ಲಿದ್ದರೆ ದೆಹಲಿಯ ನರ್ಸರಿ ಹುದ್ದೆಗೂ ಕೇಂದ್ರೀಯ ವಿದ್ಯಾಲಯದ ಬಾಲವಾಟಿಕಾಗೂ ಚಿಂತಾಕಿಯ ಹುಡುಗಿ ಅರ್ಜಿ ಹಾಕಬಹುದು. ಅವಕಾಶವೆಂದರೆ ಅದು. ಊರೂರಲ್ಲಿ ದುಡ್ಡು ಕಟ್ಟಿಸಿಕೊಂಡು ಕೊಡುವ ಆರು ತಿಂಗಳ ನರ್ಸರಿ ಟೀಚರ್ ತರಬೇತಿ (ಎನ್‌ಟಿಟಿ) ಸರ್ಟಿಫಿಕೇಟು ಈ ಹುದ್ದೆಗಳ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ. ಬಡವರ ಮನೆಯ ಹೆಣ್ಣುಮಕ್ಕಳ ದುಡ್ಡು ಹೀಗೆ ಪೋಲಾಗುವುದನ್ನು ತಡೆಯುವವರೂ ಇಲ್ಲ.

ಎರಡನೆಯ ಬಾಣ ಬೊಕ್ಕಸದ್ದು. ಗುಜರಾತ್ ಹೈಕೋರ್ಟಿನ ವಿಭಾಗೀಯ ಪೀಠ 2025ರ ಆಗಸ್ಟ್‌ನಲ್ಲಿ ಕಾರ್ಯಕರ್ತೆಗೆ ಕನಿಷ್ಠ 24,800, ಸಹಾಯಕಿಗೆ 20,300 ರೂಪಾಯಿ ಕೊಡಬೇಕೆಂದು ಹೇಳಿದೆ. ಅದೇ ದರವನ್ನು ಕರ್ನಾಟಕಕ್ಕೆ ಹಾಕಿ ನೋಡಿ. ಕಾರ್ಯಕರ್ತೆಯರಿಗೆ ಈಗಿನದಕ್ಕಿಂತ ವರ್ಷಕ್ಕೆ ಸುಮಾರು ಸಾವಿರ ಕೋಟಿ ಹೆಚ್ಚು ಬೇಕು, ಸಹಾಯಕಿಯರಿಗೆ ಹತ್ತಿರ ಹತ್ತಿರ ಅಷ್ಟೇ. 2025-26ರ ರಾಜ್ಯ ಬಜೆಟ್ 4 ಲಕ್ಷದ 9 ಸಾವಿರ ಕೋಟಿ. ಎರಡೂ ಸೇರಿ ನೂರು ರೂಪಾಯಿಗೆ ಐವತ್ತು ಪೈಸೆ. ತಮಿಳುನಾಡು ಎಷ್ಟೋ ವರ್ಷಗಳ ಹಿಂದೆಯೇ ಇವರಿಗೆ ವಿಶೇಷ ವೇತನಶ್ರೇಣಿ ಕೊಟ್ಟಿದೆ, ಆ ರಾಜ್ಯ ದಿವಾಳಿಯಾಗಲಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೇ ವರ್ಷಕ್ಕೆ 5,000 ಕೋಟಿ ಘೋಷಿಸುತ್ತಾರೆ. ಅದು ಸಿಮೆಂಟಾಗಿ, ಕಾಂಪೌಂಡಾಗಿ, ಉದ್ಘಾಟನಾ ಫಲಕವಾಗಿ ಕಣ್ಣಿಗೆ ಬೀಳುತ್ತದೆ. ಗುತ್ತಿಗೆದಾರನ ಬಿಲ್ಲಿಗೆ ಇಲ್ಲದ ಕೊರತೆ ಹೆಂಗಸಿನ ಸಂಬಳದ ಮಾತು ಬಂದಾಗ ಮಾತ್ರ ಎದ್ದು ನಿಲ್ಲುತ್ತದೆ.

ಭಾಲ್ಕಿಯ ಈಶ್ವರ ಖಂಡ್ರೆ 2023ರಿಂದ ಸಂಪುಟದಲ್ಲಿದ್ದಾರೆ. ಔರಾದ್‌ನ ಪ್ರಭು ಚವ್ಹಾಣ್ ಅದಕ್ಕೆ ಮೊದಲಿನ ಸಂಪುಟದಲ್ಲಿದ್ದರು. ಪಕ್ಷ ಯಾವುದಾದರೂ ಇರಲಿ, ಬೀದರ್ ಜಿಲ್ಲೆಗೆ ಮಂತ್ರಿಗಿರಿಯ ಬರ ಬಂದಿಲ್ಲ. ಇವರು ಅಂಗನವಾಡಿಗಳ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ಸಾಕು. ಪೂರ್ವ ಪ್ರಾಥಮಿಕ ಶಿಕ್ಷಕಿ ಎಂಬ ವೃಂದವನ್ನು ಸೃಷ್ಟಿಸಿ, ಈಗಿರುವ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಮೊದಲು ಅವರನ್ನೇ ಅದರಲ್ಲಿ ಸೇರಿಸಿ, 371(ಜೆ) ಅಡಿಯಲ್ಲಿ ಅದನ್ನು ತರುವ ಪ್ರಸ್ತಾವವನ್ನು ವಿಧಾನಸಭೆಯಲ್ಲಿ ಮಂಡಿಸಲಿ. ಸಂಸತ್ತಿಗೆ ಹೋದವರು 90 ರೂಪಾಯಿಯ ಲೆಕ್ಕವನ್ನು ಹಣಕಾಸು ಸಚಿವರ ಮುಂದೆ ಇಡಲಿ. ಅಲ್ಲಿಯವರೆಗೆ ನಮ್ಮ ಕಾಲೇಜುಗಳಿಗೆ ಬಂದು ಬಾಲ್ಯ ಶಿಕ್ಷಣದ ವೃತ್ತಿ ಅವಕಾಶಗಳ ಬಗ್ಗೆ ಭಾಷಣ ಮಾಡುವುದನ್ನು ನಿಲ್ಲಿಸಲಿ.